ಎಲೆಯ ಬೆನ್ನು ನೋಡಿ: ಮಕ್ಕಳ ಜೊತೆ ಜರೀಗಿಡದ ಓದು

ಮಕ್ಕಳನ್ನು ಕಟ್ಟಿಕೊಂಡು ಪ್ರಕೃತಿ ನೋಡಲು ಹೊರಡುವ ಮೇಷ್ಟ್ರುಗಳು, ಅಪ್ಪ-ಅಮ್ಮಂದಿರು ಸಾಮಾನ್ಯವಾಗಿ ಹಕ್ಕಿಯಿಂದಲೋ ಚಿಟ್ಟೆಯಿಂದಲೋ ಶುರು ಮಾಡುತ್ತಾರೆ. ಹತ್ತು ಮಕ್ಕಳು ಸದ್ದಿಲ್ಲದೆ ನಡೆಯುವುದು ಆಗದ ಮಾತು. ಬೈನಾಕ್ಯುಲರ್ ಕೈಯಿಂದ ಕೈಗೆ ದಾಟುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ. ಕೊನೆಗೆ ನೋಡಿದವನು ಒಬ್ಬ, ಅವನ ಬಾಯಲ್ಲಿ ಕೇಳಿದವರು ಒಂಬತ್ತು ಮಂದಿ. ಜರೀಗಿಡದ ಜೊತೆ ಈ ತಾಪತ್ರಯವಿಲ್ಲ. ಅದು ನಿಂತಲ್ಲೇ ನಿಂತಿರುತ್ತದೆ, ಮುಟ್ಟಿದರೆ ಬೇಸರಿಸುವುದಿಲ್ಲ, ಎಷ್ಟು ಗಲಾಟೆ ಮಾಡಿದರೂ ಸಹಿಸುತ್ತದೆ. ಹೂವಿಲ್ಲ, ಹಣ್ಣಿಲ್ಲ, ಬೀಜವೂ ಇಲ್ಲ. ಹಾಗಾಗಿ ‘ಮರಿ ಹೇಗೆ ಹುಟ್ಟುತ್ತದೆ’ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಆ ಒಂದು ಪ್ರಶ್ನೆಯನ್ನು ಹಿಡಿದು ಒಂದು ಮಳೆಗಾಲದಿಂದ ಬೇಸಿಗೆಯವರೆಗೆ ನಡೆಯಬಹುದು.

ಇದಕ್ಕಾಗಿ ಆಗುಂಬೆಗೇ ಹೋಗಬೇಕೆಂದೇನಿಲ್ಲ. ಬೆಂಗಳೂರು, ಮೈಸೂರಿನ ಹಳೆ ಬಡಾವಣೆಗಳ ಕಲ್ಲಿನ ಕಾಂಪೌಂಡು, ಚರಂಡಿಯ ಒಳಗೋಡೆ, ತೊಟ್ಟಿಕ್ಕುವ ಪೈಪಿನ ಬುಡ ನೋಡಿ. ಸುಣ್ಣದ ಗಾರೆಯ ಬಿರುಕಿನಿಂದ ಉದ್ದನೆಯ ಕಿರಿದಾದ ಎಲೆಕಿರುಗಳನ್ನು ಎರಡೂ ಬದಿಗೆ ಚಾಚಿಕೊಂಡು ಹೊರಬಂದಿರುವುದು ಬಹುಮಟ್ಟಿಗೆ ಟೆರಿಸ್ ವಿಟಾಟ. ಸುಣ್ಣ ಅದಕ್ಕೆ ಇಷ್ಟ. ಇದೇ ಗಿಡ 2001ರಲ್ಲಿ ವಿಜ್ಞಾನಿಗಳನ್ನು ಬೆರಗುಗೊಳಿಸಿತ್ತು. ಅಮೆರಿಕದ ಫ್ಲಾರಿಡಾದಲ್ಲಿ ಮರದ ದಿಮ್ಮಿಗಳಿಗೆ ಗೆದ್ದಲು ಹಿಡಿಯದಂತೆ ರಾಸಾಯನಿಕ ಹಾಕುತ್ತಿದ್ದ, ಆರ್ಸೆನಿಕ್ ತುಂಬಿದ ನೆಲದಲ್ಲಿ ಇದು ಹುಲುಸಾಗಿ ಬೆಳೆದಿತ್ತು. ಪರೀಕ್ಷಿಸಿದಾಗ ಮಣ್ಣಿನ ಆರ್ಸೆನಿಕ್ಕನ್ನು ಹೀರಿ ಎಲೆಗಳಲ್ಲಿ ಶೇಖರಿಸಿಟ್ಟುಕೊಳ್ಳುತ್ತದೆ ಎಂದು ತಿಳಿಯಿತು. ಕೆಟ್ಟ ನೆಲವನ್ನು ಗಿಡದಿಂದಲೇ ಶುದ್ಧಮಾಡುವ ಸಂಶೋಧನೆಗೆ ಅದು ದೊಡ್ಡ ದಾರಿಯಾಯಿತು. ನಮ್ಮ ಚರಂಡಿ ಗೋಡೆಯ ಗಿಡಕ್ಕೆ ಇಷ್ಟು ಚರಿತ್ರೆ ಇದೆ ಎಂದರೆ ಮಕ್ಕಳು ಅದನ್ನು ಇನ್ನೊಮ್ಮೆ ಬಗ್ಗಿ ನೋಡುತ್ತಾರೆ. ಬಾಯಿಗೆ ಹಾಕಿಕೊಳ್ಳಬೇಡಿ ಎಂದು ಹೇಳುವುದಕ್ಕೂ ಅದೇ ಸರಿಯಾದ ಹೊತ್ತು.

ಬಯಲುಸೀಮೆಯವರು ‘ನಮ್ಮಲ್ಲೆಲ್ಲಿ ಜರೀಗಿಡ’ ಎನ್ನುತ್ತಾರೆ. ಹಳೆ ಬಾವಿಯ ಕಟ್ಟೆ, ಗುಡ್ಡದ ಬಂಡೆಯ ನೆರಳಿನ ಸೀಳುಗಳನ್ನು ಮಳೆ ಬಿದ್ದ ಮೇಲೆ ಹುಡುಕಬೇಕು. ಗೇಣುದ್ದವೂ ಇಲ್ಲದ, ಪುಟ್ಟ ತಾಳೆಗರಿಯ ಆಕಾರದ ಎಲೆಗಳ ಗಿಡ ಕಂಡರೆ ಅದು ಆಕ್ಟಿನಿಯಾಪ್ಟೆರಿಸ್. ಆಯುರ್ವೇದ ಬಲ್ಲವರ ಬಾಯಲ್ಲಿ ಮಯೂರಶಿಖಾ. ಬೇಸಿಗೆಯಲ್ಲಿ ಸುರುಟಿಕೊಂಡು ಸತ್ತಂತೆ ಬಿದ್ದಿದ್ದು ಮಳೆ ಬಿದ್ದೊಡನೆ ಬಿಡಿಸಿಕೊಳ್ಳುತ್ತದೆ. ಕರಾವಳಿಯಲ್ಲಾದರೆ ಕುಂದಾಪುರ, ಹೊನ್ನಾವರ, ಕಾರವಾರದ ಹಿನ್ನೀರಿನ ಕಾಂಡ್ಲಾ ಗಿಡಗಳ ನಡುವೆ ಆಳೆತ್ತರಕ್ಕೆ ಬೆಳೆಯುವ ಆಕ್ರೊಸ್ಟಿಕಮ್ ಇದೆ. ಉಪ್ಪುನೀರು ತಡೆದುಕೊಳ್ಳುವ ಜರೀಗಿಡಗಳು ಬಹಳ ಇಲ್ಲ, ಇದು ಅವುಗಳಲ್ಲೊಂದು. ಮಲೆನಾಡಿನವರಿಗೆ ಹೇಳುವುದೇ ಬೇಡ. ರಸ್ತೆ ಕಡಿದ ಧರೆಯ ಮೇಲೆ ಕವಲು ಕವಲಾಗಿ ಒಡೆದು ಪೊದೆಗಟ್ಟುವ ಡೈಕ್ರಾನೊಪ್ಟೆರಿಸ್, ಬೇಲಿಗೆ ಹಬ್ಬುವ ಲೈಗೋಡಿಯಮ್, ಬಾವಿಯ ಒಳಬದಿಯಲ್ಲಿ ಕರಿ ಕಡ್ಡಿಯ ಅಡಿಯಾಂಟಮ್, ಮರದ ಕವಲಲ್ಲಿ ಡ್ರೈನೇರಿಯಾ. ಇವೇನೂ ಸಿಗದ ಅಪಾರ್ಟ್‌ಮೆಂಟಿನ ಮಕ್ಕಳಿಗೆ ನರ್ಸರಿಯ ನೆಫ್ರೊಲೆಪಿಸ್ ಕುಂಡವೇ ಸಾಕು. ಅದರಲ್ಲೇ ಮುಕ್ಕಾಲು ಪಾಠ ಮುಗಿಯುತ್ತದೆ.

ಮೊದಲ ದಿನ ಹೆಸರು ಹೇಳಬೇಡಿ. ಹೆಸರು ಬಂದರೆ ಮಕ್ಕಳು ಅದನ್ನು ಬರೆದುಕೊಂಡು ಮುಂದಿನ ಗಿಡಕ್ಕೆ ಓಡುತ್ತಾರೆ. ಅದರ ಬದಲು, ‘ಇದರಲ್ಲಿ ಒಂದು ಎಲೆ ಎಂದರೆ ಯಾವುದು, ತೋರಿಸು’ ಎಂದು ಕೇಳಿ. ಹೆಚ್ಚಿನವರು ಸಣ್ಣ ಎಲೆಕಿರು ಒಂದನ್ನು ತೋರಿಸುತ್ತಾರೆ. ನೆಲದಿಂದ ಎದ್ದ ಕಡ್ಡಿಯಿಂದ ಹಿಡಿದು ತುದಿಯವರೆಗಿನ ಇಡೀ ಗರಿ ಒಂದೇ ಎಲೆ. ಕಾಂಡ ಎಲ್ಲಿ? ಮಣ್ಣಿನೊಳಗೆ ಅಥವಾ ಮರದ ತೊಗಟೆಯ ಮೇಲೆ ತೆವಳುತ್ತಿರುತ್ತದೆ. ಕುಂಡದ ನೆಫ್ರೊಲೆಪಿಸನ್ನು ಮೆಲ್ಲಗೆ ಹೊರಗೆಳೆದು ನೀರಲ್ಲಿ ಬೇರು ತೊಳೆದರೆ ಕಾಂಡ, ಅದರಿಂದ ಹೊರಟ ದಾರದಂಥ ಬಳ್ಳಿ, ಕೆಲವು ಬಗೆಗಳಲ್ಲಿ ಗೋಲಿ ಗಾತ್ರದ ನೀರಿನ ಗಡ್ಡೆ ಕಾಣುತ್ತವೆ. ಬೇಲಿಯ ಲೈಗೋಡಿಯಮ್‌ನಲ್ಲಿ ಈ ಪ್ರಶ್ನೆಗೆ ಇನ್ನೂ ಮಜಾ ಇದೆ. ಬಳ್ಳಿ ಎಂದುಕೊಂಡದ್ದು ಬಳ್ಳಿಯೇ ಅಲ್ಲ. ನಡುದಂಟು ಬೆಳೆಯುತ್ತಲೇ ಹೋಗಿ ಬೇಲಿ ಸುತ್ತಿಕೊಂಡಿರುವ ಒಂದೇ ಒಂದು ಎಲೆ. ಒಬ್ಬ ಹುಡುಗ ಬುಡ ಹಿಡಿದು ನಿಂತರೆ ಇನ್ನೊಬ್ಬ ತುದಿ ಹುಡುಕಿಕೊಂಡು ನಾಲ್ಕು ಹೆಜ್ಜೆ ನಡೆಯಬೇಕಾಗುತ್ತದೆ.

ಕಾಂಡ ನೆಟ್ಟಗೆ ಎದ್ದು ನಿಂತದ್ದನ್ನು ನೋಡಲು ಮಾತ್ರ ಘಟ್ಟಕ್ಕೆ ಹೋಗಬೇಕು. ಕುದುರೆಮುಖ, ಕೊಡಗಿನ ಹಳ್ಳದ ದಂಡೆಗಳಲ್ಲಿ ಮರಜರಿಗಳು ಇನ್ನೂ ಉಳಿದಿವೆ. ಅವುಗಳ ಕಾಂಡದ ಮೇಲೆ, ಉದುರಿದ ಎಲೆಗಳ ಗುರುತು ಸಾಲಾಗಿ ಉಳಿದಿರುತ್ತದೆ. ಸಯಾಥಿಯಾ ಕುಲದ ಈ ಮರಜರಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದ ನಿರ್ಬಂಧವಿದೆ. ನೋಡಿ ಬರುವುದಕ್ಕಷ್ಟೇ ಅವು.

ಎಲೆ ಬೆಳೆಯುವ ರೀತಿ ನೋಡಲು ಮೊದಲ ಮಳೆಯ ನಂತರದ ಎರಡು-ಮೂರು ವಾರ ಚಿನ್ನದಂಥ ಕಾಲ. ಆಗ ಹೊಸ ಎಲೆಗಳೆಲ್ಲ ಸುರುಳಿ ಸುತ್ತಿಕೊಂಡು, ಕಂದು ರೋಮವನ್ನೋ ಹುರುಪೆಯನ್ನೋ ಹೊದ್ದು ಮೇಲೇಳುತ್ತಿರುತ್ತವೆ. ತುದಿಯ ಎಳೆ ಭಾಗ ಸುರುಳಿಯ ನಟ್ಟನಡುವೆ ಸುರಕ್ಷಿತ. ಇಲ್ಲೊಂದು ಸುಲಭದ ಪ್ರಯೋಗ. ಅರ್ಧ ಬಿಡಿಸಿಕೊಂಡ ಎಳೆ ಎಲೆಯೊಂದನ್ನು ಆರಿಸಿ, ಬಿಡಿಸಿಕೊಂಡಿರುವ ದಂಟಿನ ಮೇಲೆ ಬುಡದಿಂದ ಸುರುಳಿಯವರೆಗೆ ಒಂದೊಂದು ಸೆಂಟಿಮೀಟರಿಗೆ ಮಾರ್ಕರ್ ಪೆನ್ನಿನಲ್ಲಿ ಚುಕ್ಕೆ ಇಡಿ. ದಿನ ಬಿಟ್ಟು ದಿನ ಅಳೆದು ಬರೆಯಿರಿ. ಬುಡದ ಚುಕ್ಕೆಗಳ ನಡುವಿನ ಅಂತರ ಹೆಚ್ಚುಕಡಿಮೆ ಹಾಗೇ ಉಳಿದು, ಸುರುಳಿಯ ಹತ್ತಿರದವು ದೂರ ದೂರ ಸರಿಯುತ್ತವೆ. ಜರೀಗಿಡದ ಎಲೆ ಬುಡದಲ್ಲಿ ಮೊದಲು ಬಲಿತು ತುದಿಯಲ್ಲಿ ಬೆಳೆಯುತ್ತಾ ಹೋಗುತ್ತದೆ. ಹುಲ್ಲಿನ ಎಲೆಯಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿ ಬೆಳವಣಿಗೆ ಬುಡದಲ್ಲಿ. ಹಾಗಾಗಿಯೇ ದನ ಮೇಯ್ದ ಹುಲ್ಲು ಮತ್ತೆ ಉದ್ದವಾಗುತ್ತದೆ, ತುದಿ ಚಿವುಟಿದ ಜರಿ ಎಲೆ ಆಗುವುದಿಲ್ಲ. ಪಕ್ಕದ ಹುಲ್ಲಿಗೂ ಚುಕ್ಕೆ ಇಟ್ಟು ಹೋಲಿಸಲಿ. ಒಂದು ಎಲೆ ಚಿವುಟಿ ನೋಡಲೂ ಬಿಡಿ. ನಾವು ಹೇಳಿದ್ದನ್ನು ನಂಬದೆ ತಾವೇ ಪರೀಕ್ಷಿಸುವ ಮಕ್ಕಳೇ ಬೇಕಾದದ್ದು.

ಇನ್ನು ಎಲೆಯನ್ನು ಮಗುಚುವ ಕೆಲಸ. ನನ್ನ ಮಟ್ಟಿಗೆ ಜರೀಗಿಡದ ಓದು ನಿಜವಾಗಿ ಶುರುವಾಗುವುದು ಇಲ್ಲಿ. ಬೆನ್ನಿನ ಮೇಲಿನ ಕಂದು ಚುಕ್ಕೆಗಳನ್ನು ಕಂಡೊಡನೆ ಮಕ್ಕಳು ಎರಡರಲ್ಲೊಂದು ಹೇಳುತ್ತಾರೆ: ‘ಹುಳದ ಮೊಟ್ಟೆ’ ಅಥವಾ ‘ರೋಗ’. ಎರಡೂ ಒಳ್ಳೆಯ ಊಹೆಗಳೇ, ತಕ್ಷಣ ತಿದ್ದುವುದು ಬೇಡ. ಹುಳದ ಮೊಟ್ಟೆಯಾಗಿದ್ದರೆ ಎಲ್ಲ ಎಲೆಕಿರುಗಳ ಮೇಲೂ ಒಂದೇ ಲೆಕ್ಕದಲ್ಲಿ, ನರದ ಎರಡೂ ಬದಿಗೆ ಸಾಲು ಹಿಡಿದು ಇರಲು ಸಾಧ್ಯವೇ? ರೋಗವಾಗಿದ್ದರೆ ಎಲೆಯ ಮೇಲ್ಬದಿಯಲ್ಲೂ ಕಲೆ ಇರಬೇಕಲ್ಲ? ಬೇರೆ ಗಿಡದ ಎಲೆ ಮಗುಚಿ ನೋಡಿ, ಪಕ್ಕದ ಓಣಿಯ ಗಿಡ ನೋಡಿ. ಇಷ್ಟು ಸುಳಿವು ಕೊಟ್ಟು ಅರ್ಧ ಗಂಟೆ ಸುಮ್ಮನಿರುವುದು ದೊಡ್ಡವರಿಗೆ ಕಷ್ಟ, ಆದರೆ ಅಷ್ಟು ಕಷ್ಟ ಪಡಲೇಬೇಕು.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಒಂದಿದ್ದರೆ ಚುಕ್ಕೆಗಳೆಲ್ಲ ಒಂದೇ ಥರ ಇಲ್ಲವೆಂದು ಗೊತ್ತಾಗುತ್ತದೆ. ನೆಫ್ರೊಲೆಪಿಸ್‌ನಲ್ಲಿ ಪ್ರತಿ ಚುಕ್ಕೆಗೂ ಮೂತ್ರಪಿಂಡದ ಆಕಾರದ ತೆಳು ಮುಚ್ಚಳ. ಟೆರಿಸ್‌ನಲ್ಲಿ ಚುಕ್ಕೆಯೇ ಇಲ್ಲ. ಎಲೆಯ ಅಂಚು ಹಿಂದಕ್ಕೆ ಮಡಚಿಕೊಂಡು ಉದ್ದನೆಯ ಒಂದು ಪಟ್ಟಿಯನ್ನು ಮುಚ್ಚಿರುತ್ತದೆ. ಅಡಿಯಾಂಟಮ್‌ನಲ್ಲಿ ಅಂಚಿನ ತುಣುಕುಗಳು ಮಾತ್ರ ಅಲ್ಲಲ್ಲಿ ಮಡಚಿರುತ್ತವೆ. ಆಸ್ಪ್ಲೀನಿಯಮ್‌ನಲ್ಲಿ ಓರೆ ಗೆರೆಗಳು. ಡ್ರೈನೇರಿಯಾದಲ್ಲಿ ಮುಚ್ಚಳವಿಲ್ಲದ ಬರಿಯ ದುಂಡು ಗುಪ್ಪೆಗಳು. ಕಾಂಡ್ಲಾದ ಆಕ್ರೊಸ್ಟಿಕಮ್ ಅಂತೂ ಮೇಲಿನ ಎಲೆಕಿರುಗಳ ಇಡೀ ಬೆನ್ನಿಗೇ ಇಟ್ಟಿಗೆ ಬಣ್ಣದ ಹೊದಿಕೆ ಹಾಸಿಬಿಡುತ್ತದೆ. ಜರೀಗಿಡಗಳನ್ನು ಗುರುತಿಸುವವರು ಎಲೆಯ ಆಕಾರಕ್ಕಿಂತ ಹೆಚ್ಚಾಗಿ ನೆಚ್ಚುವುದು ಇದನ್ನೇ. ಮೊಬೈಲಿನಲ್ಲಿ ಫೋಟೊ ತೆಗೆದು ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕುವವರು ಎಲೆಯ ಎದುರು ಭಾಗದ ಚಂದದ ಚಿತ್ರವೊಂದನ್ನೇ ಕಳಿಸಿದರೆ ಬಲ್ಲವರೂ ಕೈಚೆಲ್ಲುತ್ತಾರೆ. ಬೆನ್ನಿನದೊಂದು, ಬುಡದ ಹುರುಪೆಯದೊಂದು ಫೋಟೊ ಜೊತೆಗಿರಲಿ.

ಈ ಚುಕ್ಕೆ, ಪಟ್ಟಿ, ಗೆರೆಗಳೆಲ್ಲ ಹೊಸ ಗಿಡಕ್ಕೆ ಮೂಲವಾದ ಬೀಜಾಣುಗಳ ಗುಂಪುಗಳು. ಎಲೆಯ ಬೆನ್ನಿನಲ್ಲಿ ಬೀಜಾಣುವಲ್ಲದ ಇನ್ನೊಂದು ಆಟವೂ ಇದೆ. ಘಟ್ಟದ ಧರೆಗಳಲ್ಲಿ ಕಾಣುವ ಪಿಟಿರೊಗ್ರಾಮಾ ಎಂಬ ಬೆಳ್ಳಿಜರಿಯ ಎಲೆ ಮೇಲಿಂದ ಹಸಿರು, ಅಡಿಯಲ್ಲಿ ಸುಣ್ಣದ ಬಿಳಿ. ಅದನ್ನು ಮುಂಗೈ ಮೇಲಿಟ್ಟು ಇನ್ನೊಂದು ಕೈಯಿಂದ ಪಟ್ಟನೆ ಹೊಡೆದು ಎತ್ತಿದರೆ ಇಡೀ ಎಲೆಯ ಬಿಳಿ ಅಚ್ಚು, ನರ ಸಮೇತ, ಚರ್ಮದ ಮೇಲೆ ಮೂಡುತ್ತದೆ. ಕಪ್ಪು ಪ್ಯಾಂಟಿನ ಮೇಲೂ ಚೆನ್ನಾಗಿ ಬರುತ್ತದೆ (ಮನೆಯವರ ಬೈಗುಳ ಬೇರೆ). ಆ ಬಿಳಿ ಪುಡಿ ಬೀಜಾಣುವಲ್ಲ, ಎಲೆಯ ಗ್ರಂಥಿಗಳು ಹೊರಹಾಕುವ ಮೇಣದಂಥ ಹಿಟ್ಟು. ಬೀಜಾಣುಗಳು ಅದೇ ಬೆನ್ನಿನ ಮೇಲೆ ನರಗುಂಟ ಕಪ್ಪು ಪುಡಿಯಾಗಿ ಬೇರೆಯೇ ಇರುತ್ತವೆ. ಇದು ಅಮೆರಿಕ ಖಂಡದ ಉಷ್ಣವಲಯದಿಂದ ಬಂದು ಇಲ್ಲಿ ನೆಲೆಯೂರಿದ ಗಿಡ, ಹಾಗಾಗಿ ನಾಲ್ಕು ಎಲೆ ಕಿತ್ತರೆ ಪಾಪವಿಲ್ಲ.

ಬೀಜಾಣುಗಳ ವಿಷಯಕ್ಕೆ ಬರೋಣ. ಮಳೆ ಹಿಂದೆ ಸರಿಯುವ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಬಹಳಷ್ಟು ಗಿಡಗಳಲ್ಲಿ ಚುಕ್ಕೆಗಳು ಬಲಿತಿರುತ್ತವೆ. ಹಸಿರು ಅಥವಾ ಮಾಸಲು ಬಿಳಿಯಾಗಿದ್ದರೆ ಇನ್ನೂ ಎಳೆಯವು. ಹೊಳೆಯುವ ಕಂದು ಇಲ್ಲವೇ ಕಪ್ಪಾಗಿದ್ದರೆ ಸರಿಯಾದ ಹೊತ್ತು. ಒಣಗಿ ಜಾಳುಜಾಳಾಗಿದ್ದರೆ ತಡವಾಯಿತು. ಬಲಿತ ಎಲೆಯ ತುಂಡನ್ನು ಬೆನ್ನು ಕೆಳಗಾಗುವಂತೆ ಬಿಳಿ ಕಾಗದದ ಮೇಲಿಟ್ಟು, ಮೇಲೊಂದು ಕಾಗದ ಮುಚ್ಚಿ, ಫ್ಯಾನಿನ ಗಾಳಿ ತಾಗದಲ್ಲಿ ಒಂದೆರಡು ದಿನ ಬಿಡಿ. ಎತ್ತಿದಾಗ ಕಾಗದದ ಮೇಲೆ ಎಲೆಯ ಚುಕ್ಕೆಗಳ ಸಾಲೇ ಪುಡಿಯಲ್ಲಿ ಬರೆದಿರುತ್ತದೆ. ಒಂದೊಂದು ಕಣವೂ ಮಿಲಿಮೀಟರಿನ ಇಪ್ಪತ್ತು-ಮೂವತ್ತರಲ್ಲೊಂದು ಭಾಗದಷ್ಟು. ಒಂದು ಚುಕ್ಕೆಯಲ್ಲಿ ಹತ್ತಾರು ಬೀಜಾಣು ಚೀಲಗಳು, ಸಾಮಾನ್ಯವಾಗಿ ಒಂದೊಂದು ಚೀಲದಲ್ಲಿ 64 ಬೀಜಾಣುಗಳು. ಒಂದು ಎಲೆಕಿರುವಿನ ಚುಕ್ಕೆ ಎಣಿಸಿ, ಎಲೆಕಿರುಗಳ ಸಂಖ್ಯೆಯಿಂದ ಗುಣಿಸಿ, ಚೀಲಗಳ ಅಂದಾಜು ಹಾಕಿ, 64ರಿಂದ ಗುಣಿಸಿದರೆ ಒಂದೇ ಎಲೆಯ ಲೆಕ್ಕ ಲಕ್ಷಗಳಿಗೆ ಏರುತ್ತದೆ. ಗಣಿತದ ಮೇಷ್ಟ್ರಿಗೆ ಬೇಕಾದಷ್ಟು ಕೆಲಸವಿದೆ ಇಲ್ಲಿ.

ಈ ಕಣಗಳು ಸುಮ್ಮನೆ ಉದುರುವುದಿಲ್ಲ, ಎಸೆಯಲ್ಪಡುತ್ತವೆ. ಬೀಜಾಣು ಚೀಲದ ಬೆನ್ನಗುಂಟ ಒಂದು ಸಾಲು ದಪ್ಪಗೋಡೆಯ ಕೋಶಗಳಿವೆ, ಸುಮಾರು 12–13. ಒಳಗೋಡೆ, ಪಕ್ಕದ ಗೋಡೆ ದಪ್ಪ. ಹೊರಗೋಡೆ ಮಾತ್ರ ತೆಳು. ಒಳಗೆಲ್ಲ ನೀರು. ಬಿಸಿಲಿಗೆ ಹೊರಗೋಡೆಯ ಮೂಲಕ ನೀರು ಆವಿಯಾದಂತೆ ತೆಳುಗೋಡೆ ಒಳಕ್ಕೆ ಜಗ್ಗುತ್ತದೆ, ಸಾಲು ನೆಟ್ಟಗಾಗಿ ಹಿಂದಕ್ಕೆ ಬಾಗುತ್ತದೆ, ಚೀಲ ಹರಿದು ಬಾಯಿ ತೆರೆಯುತ್ತದೆ. ಬೀಜಾಣುಗಳನ್ನು ಹೊತ್ತ ಅರ್ಧಭಾಗ ಹಿಂದಕ್ಕೆ ಎಳೆದ ಕವಣೆಯಾಗಿ ನಿಲ್ಲುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ ಸೆಳೆತ ಏರುತ್ತಲೇ ಹೋಗುತ್ತದೆ. ಒಂದು ಹಂತದಲ್ಲಿ ಆ ಹಿಡಿತ ಕಳಚಿ ಕೋಶಗಳೊಳಗೆ ಒಮ್ಮೆಲೇ ಗುಳ್ಳೆಗಳೇಳುತ್ತವೆ, ಸೆಳೆತ ಬಿಟ್ಟುಹೋಗಿ ಕವಣೆ ಮುಂದಕ್ಕೆ ಚಿಮ್ಮುತ್ತದೆ. 2012ರಲ್ಲಿ ಅತಿವೇಗದ ಕ್ಯಾಮೆರಾದಿಂದ ಇದನ್ನು ಅಳೆದವರು ಬೀಜಾಣು ಹಾರುವ ವೇಗ ಸೆಕೆಂಡಿಗೆ 10 ಮೀಟರಿನಷ್ಟು ಎಂದು ಕಂಡರು. ಊರೊಳಗೆ ಓಡುವ ಸ್ಕೂಟರಿನ ವೇಗ ಅದು. ಮನುಷ್ಯ ಮಾಡಿದ ಕವಣೆಗೆ ತೋಳನ್ನು ನಡುದಾರಿಯಲ್ಲಿ ತಡೆಯಲು ಅಡ್ಡಪಟ್ಟಿ ಬೇಕು. ಇಲ್ಲಿ ಗೋಡೆಯೊಳಗಿನ ನೀರು ನಿಧಾನಕ್ಕೆ ಹರಿಯುವುದರಿಂದಲೇ ತೋಳು ತಾನಾಗಿ ತಡೆದು ನಿಲ್ಲುತ್ತದೆ.

ಇದನ್ನು ಶಾಲೆಯಲ್ಲೇ ನೋಡಬಹುದು. ಬಲಿತ ಹಸಿ ಚುಕ್ಕೆಯೊಂದನ್ನು ಸೂಜಿಯಿಂದ ಗಾಜಿನ ಪಟ್ಟಿಯ ಮೇಲೆ ಕೆರೆದು, ಮುಚ್ಚುಗಾಜು ಹಾಕದೆ ಸೂಕ್ಷ್ಮದರ್ಶಕದ ಕಡಿಮೆ ಹಿಗ್ಗಿಕೆಯಲ್ಲಿಟ್ಟು, ಟೇಬಲ್ ಲ್ಯಾಂಪನ್ನು ಹತ್ತಿರ ತನ್ನಿ. ಶಾಖಕ್ಕೆ ಒಣಗಿದಂತೆ ಚೀಲಗಳು ಒಂದೊಂದಾಗಿ ಬಾಯ್ತೆರೆದು ಹಿಂದಕ್ಕೆ ಬಾಗಿ, ಇದ್ದಕ್ಕಿದ್ದಂತೆ ಕಣ್ಣಿಂದ ಮಾಯವಾಗುತ್ತವೆ. ನೋಡುತ್ತಿದ್ದ ಮಗು ಬೆಚ್ಚಿ ತಲೆ ಹಿಂದಕ್ಕೆ ತೆಗೆಯದಿದ್ದರೆ ಚುಕ್ಕೆ ಬಲಿತಿರಲಿಲ್ಲ ಎಂದೇ ಅರ್ಥ. ಲ್ಯಾಂಪ್ ಇಲ್ಲದಿದ್ದರೆ ಒಂದು ಹನಿ ಗ್ಲಿಸರಿನ್ ಸಾಕು, ಅದು ಕೋಶಗಳ ನೀರನ್ನು ಎಳೆದುಕೊಳ್ಳುತ್ತದೆ. ಸೂಕ್ಷ್ಮದರ್ಶಕವೇ ಇಲ್ಲದ ಶಾಲೆಗೆ ಕಾಗದದಲ್ಲಿ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಇದೆ. ಸ್ಟ್ಯಾನ್‌ಫೋರ್ಡಿನ ಮನು ಪ್ರಕಾಶ್ ಮತ್ತು ಅವರ ಸಂಗಡಿಗರು ರೂಪಿಸಿದ ಇದು ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಅದರಲ್ಲಿ ಚಿಮ್ಮುವುದನ್ನು ಹಿಡಿಯುವುದು ಕಷ್ಟ, ಚೀಲದ ಬೆನ್ನಿನ ಕೋಶಗಳ ಸಾಲು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.

ಬೀಜಾಣು ಬಿತ್ತಿದರೆ ಜರೀಗಿಡ ಹುಟ್ಟುತ್ತದೆ ಎಂದು ಈಗ ಸುಲಭವಾಗಿ ಹೇಳಿಬಿಡುತ್ತೇವೆ. ಬಹುಕಾಲ ಅದು ಯಾರಿಗೂ ಗೊತ್ತಿರಲಿಲ್ಲ. ಯುರೋಪಿನ ಹಳ್ಳಿಗರು ಜರಿಗೂ ಬೀಜವಿರಲೇಬೇಕು, ಕಾಣುತ್ತಿಲ್ಲವಾದರೆ ಅದು ಅದೃಶ್ಯ, ಅದನ್ನು ಜೇಬಿನಲ್ಲಿಟ್ಟುಕೊಂಡವನೂ ಅದೃಶ್ಯನಾಗುತ್ತಾನೆ ಎಂದು ನಂಬಿದ್ದರು. ಷೇಕ್ಸ್‌ಪಿಯರನ ನಾಟಕದಲ್ಲೂ ಈ ನಂಬಿಕೆಯ ಪ್ರಸ್ತಾಪವಿದೆ. 18ನೇ ಶತಮಾನದ ಕೊನೆಯಲ್ಲಿ ಜಮೈಕಾದಲ್ಲಿದ್ದ ಜಾನ್ ಲಿಂಡ್ಸೆ ಎಂಬ ವೈದ್ಯ ಆ ಪುಡಿಯನ್ನು ಕುಂಡದ ಮಣ್ಣಿಗೆ ಉದುರಿಸಿ, ಆಗಾಗ ಚೂರು ಮಣ್ಣು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ಪುಡಿಯಿಂದ ಮೊದಲು ಹಸಿರು ಪೊರೆ, ಆಮೇಲೆ ಗಿಡ ಬರುವುದನ್ನು ಕಂಡ. ಅವನ ವರದಿ 1794ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮ ಮಕ್ಕಳು ಮಾಡಬೇಕಾದ್ದೂ ಅದೇ ಪ್ರಯೋಗ.

ಹಳೆಯ ಇಟ್ಟಿಗೆಯ ಚೂರೊಂದನ್ನು ಅಥವಾ ತೆಂಗಿನ ನಾರಿನ ಪುಡಿಯನ್ನು ಕುದಿಯುವ ನೀರಲ್ಲಿ ಹತ್ತು ನಿಮಿಷ ಬೇಯಿಸಿ. ಈ ಹಂತವನ್ನು ಬಿಟ್ಟರೆ ಬರುವುದು ಬೂಷ್ಟು ಮತ್ತು ಪಾಚಿ, ಜರಿ ಅಲ್ಲ. ಆರಿದ ಮೇಲೆ ಅಗಲ ಬಾಯಿಯ ಪಾರದರ್ಶಕ ಡಬ್ಬಿಯಲ್ಲಿಟ್ಟು, ಇಟ್ಟಿಗೆಯ ಅರ್ಧದವರೆಗೆ ಕುದಿಸಿ ಆರಿಸಿದ ನೀರು ಹಾಕಿ. ಕಾಗದದ ಪುಡಿಯನ್ನು ಚೂರಿಯ ತುದಿಯಲ್ಲಿ ಹಿಡಿಯುವಷ್ಟೇ, ಅದಕ್ಕಿಂತ ಹೆಚ್ಚು ಬೇಡ, ಮೇಲೆ ಉದುರಿಸಿ ಮುಚ್ಚಳ ಹಾಕಿ. ಬೆಳಕಿರಲಿ, ನೇರ ಬಿಸಿಲು ಬೇಡ. ಮೊದಲ ಎರಡು ಮೂರು ವಾರ ಏನೂ ಕಾಣುವುದಿಲ್ಲ, ಮಕ್ಕಳು ಆಸೆ ಬಿಡುವುದು ಆಗಲೇ. ನಂತರ ಇಟ್ಟಿಗೆಯ ಮೇಲೆ ಹಸಿರು ಮಬ್ಬು ಹಬ್ಬುತ್ತದೆ. ಎರಡು ಮೂರು ತಿಂಗಳಲ್ಲಿ ಆ ಮಬ್ಬು ಬಿಡಿಬಿಡಿಯಾಗಿ, ಕಿರುಬೆರಳ ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಹಾಳೆಗಳಾಗುತ್ತದೆ. ಪಠ್ಯದಲ್ಲಿ ಪ್ರೊಥ್ಯಾಲಸ್ ಎಂದು ಹೆಸರಿರುವುದು ಇದಕ್ಕೇ. ಹೆಚ್ಚಿನ ಭಾಗ ಒಂದೇ ಕೋಶದ ದಪ್ಪ. ಬೇರಿಲ್ಲ, ನಾಳಗಳಿಲ್ಲ, ಯಾವ ಕೋನದಿಂದ ನೋಡಿದರೂ ಜರೀಗಿಡದ ಹೋಲಿಕೆಯಿಲ್ಲ.

ಗಿಡಕ್ಕೆ ಎರಡು ಬಾಳು ಎಂಬುದು ಈ ಹಾಳೆಯಿಂದಲೇ ಅರ್ಥವಾಗುವುದು. ನಾವು ಜರೀಗಿಡ ಎನ್ನುವುದು ಬೀಜಾಣು ಕೊಡುವ ಬಾಳು. ಅದಕ್ಕೆ ಗಂಡು-ಹೆಣ್ಣಿನ ಭೇದವಿಲ್ಲ. ಗಂಡು, ಹೆಣ್ಣು ಅಂಗಗಳಿರುವುದು ಈ ಪುಟ್ಟ ಹಾಳೆಯ ಅಡಿಯಲ್ಲಿ. ಗಂಡು ಕೋಶಗಳು ತಿರುಪು ಆಕಾರದವು, ಬಾಲಗಳಿಂದ ಈಜುತ್ತವೆ. ಈಜಲು ನೀರು ಬೇಕು, ತೆಳ್ಳನೆಯ ಪೊರೆಯಷ್ಟಾದರೂ. ದಾರಿ ಹೇಗೆ ಗೊತ್ತಾಗುತ್ತದೆ? 1884ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಫೆಫರ್ ಅವು ಮ್ಯಾಲಿಕ್ ಆಮ್ಲದ ಕಡೆಗೆ ಈಜುತ್ತವೆ ಎಂದು ತೋರಿಸಿದ. ಸೇಬಿಗೆ ಹುಳಿ ಕೊಡುವ ಆಮ್ಲವೇ ಅದು. ಎರಡು ಕೋಶ ಕೂಡಿದರೆ ಹಾಳೆಯ ಅಡಿಯಿಂದ ಸುರುಳಿ ಸುತ್ತಿದ ಮೊದಲ ಎಲೆ ಎದ್ದು ಬರುತ್ತದೆ. ಹೃದಯಾಕಾರದ ಹಾಳೆ ಕಂಡ ಮೇಲೆ ವಾರಕ್ಕೊಮ್ಮೆ ಕುದಿಸಿ ಆರಿಸಿದ ನೀರನ್ನು ಮೇಲೆ ಸಿಂಪಡಿಸಬೇಕಾದದ್ದು ಇದಕ್ಕಾಗಿ. ಮುಚ್ಚಳದ ತೇವ ಸಾಕು ಎಂದು ಬಿಟ್ಟ ಡಬ್ಬಿಗಳಲ್ಲಿ ಹಾಳೆಗಳು ಹಾಗೇ ನಿಂತುಬಿಡಬಹುದು. ಎರಡು ಡಬ್ಬಿ ಮಾಡಿ, ಒಂದಕ್ಕೆ ಸಿಂಪಡಿಸಿ ಒಂದಕ್ಕೆ ಬಿಟ್ಟು ನೋಡಿದರೆ, ಜರೀಗಿಡಗಳು ಹಳ್ಳದ ದಂಡೆಗೂ ತೊಟ್ಟಿಕ್ಕುವ ಪೈಪಿಗೂ ಯಾಕೆ ಅಂಟಿಕೊಂಡಿವೆ ಎಂಬುದಕ್ಕೆ ಮಕ್ಕಳೇ ಕಾರಣ ಕೊಡುತ್ತಾರೆ.

ನೀರಿನಲ್ಲೇ ತೇಲುವ ಜರಿಗಳೂ ಇವೆ. ಹಸುವಿನ ಮೇವಿಗೆಂದು ರೈತರು ಪ್ಲಾಸ್ಟಿಕ್ ಹಾಸಿನ ಗುಂಡಿಗಳಲ್ಲಿ ಬೆಳೆಸುವ ಅಜೋಲ್ಲಾ ಒಂದು ಜರೀಗಿಡ. ಅದರ ಎಲೆಯೊಳಗಿನ ಪೊಟರೆಯಲ್ಲಿ ವಾಸಿಸುವ ನೀಲಿಹಸಿರು ಪಾಚಿ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತದೆ. ಗದ್ದೆಯ ಅಂಚಿನಲ್ಲಿ ನಾಲ್ಕೆಲೆ ಒಟ್ಟಿಗಿರುವ ಮಾರ್ಸಿಲಿಯಾ ಕೂಡ ಜರಿಯೇ. ರಾತ್ರಿ ಟಾರ್ಚ್ ಹಿಡಿದು ಹೋದರೆ ಆ ನಾಲ್ಕು ಎಲೆಕಿರು ಮಡಚಿ ನಿಂತಿರುವುದು ಕಾಣುತ್ತದೆ. ಮರದ ಮೇಲಿನ ಡ್ರೈನೇರಿಯಾದ ಬಗ್ಗೆ ಇಷ್ಟೇ ಹೇಳುತ್ತೇನೆ: ಅದರ ಕಂದು ಎಲೆಗಳನ್ನು ಕಂಡು ‘ಒಣಗಿದೆ’ ಎನ್ನುವ ಮಗುವನ್ನು ಏಣಿಯ ಮೇಲೆ ನಿಲ್ಲಿಸಿ ಒಳಗೆ ಕೈಹಾಕಲು ಬಿಡದೆ, ಕಡ್ಡಿಯಿಂದ ಬಗ್ಗಿಸಿ ನೋಡಲು ಹೇಳಿ (ಚೇಳು, ಇರುವೆ ಇರಬಹುದು). ಆ ಎಲೆಗಳು ಇರುವುದೇ ಮರದಿಂದ ಉದುರಿದ ತರಗನ್ನು ಹಿಡಿದಿಟ್ಟು ಗೊಬ್ಬರ ಮಾಡಿಕೊಳ್ಳಲು. ಬೀಜಾಣು ಹೊರುವುದು ಉದ್ದನೆಯ ಹಸಿರು ಎಲೆಗಳು ಮಾತ್ರ.

ತಿನ್ನುವ ಮಾತು ಬಂದೇ ಬರುತ್ತದೆ. ಕೊಡಗಿನಲ್ಲಿ ಮಳೆಗಾಲ ಬಂತೆಂದರೆ ತೊರೆಯಂಚಿನ ತೆರ್ಮೆ ತೊಪ್ಪು ಎಂಬ ಜರಿ ಅಡುಗೆಮನೆ ಸೇರುತ್ತದೆ. ಬಿಡಿಸಿಕೊಳ್ಳುವ ಮೊದಲಿನ ಸುರುಳಿಗಳನ್ನೇ ಮುರಿದು ತಂದು, ತೊಳೆದು ಪಲ್ಯ ಮಾಡುತ್ತಾರೆ. ಆದರೆ ಗುಡ್ಡದ ಬಯಲಿನಲ್ಲಿ ಬೆಳೆಯುವ ಬ್ರ್ಯಾಕನ್ ಜರಿಯ ಸುರುಳಿಯೂ ನೋಡಲು ರುಚಿಕರವಾಗಿಯೇ ಇರುತ್ತದೆ. ಅದರಲ್ಲಿ ಕ್ಯಾನ್ಸರ್ ತರಬಲ್ಲ ಟಾಕ್ವಿಲೊಸೈಡ್ ಎಂಬ ವಸ್ತುವಿದೆ, ಮೇಯ್ದ ದನಗಳು ಕಾಯಿಲೆ ಬೀಳುತ್ತವೆ. ತೆರ್ಮೆಯನ್ನು ಬಾಲ್ಯದಿಂದ ಕೊಯ್ದವರ ಜೊತೆ ಮಾತ್ರ ಕೊಯ್ಯಬೇಕು, ಬೇಯಿಸಿಯೇ ತಿನ್ನಬೇಕು. ಈ ವಿಷಯದಲ್ಲಿ ಮೊಬೈಲ್ ಆ್ಯಪ್ ನಂಬುವುದು ಬೇಡವೇ ಬೇಡ.

ಕಾಡಿಗೆ ಹೋದಾಗ ಉಂಬಳದ ಕಾಟಕ್ಕೆ ಉದ್ದ ಕಾಲುಚೀಲ, ಸುಣ್ಣ ಅಥವಾ ಉಪ್ಪಿನ ಪೊಟ್ಟಣ ಜೊತೆಗಿರಲಿ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಒಂದು ಎಲೆಯನ್ನೂ ತರುವಂತಿಲ್ಲ. ಅದೇನೂ ದೊಡ್ಡ ನಷ್ಟವಲ್ಲ, ಚಿತ್ರ ಬರೆಯಬಹುದು. ದಕ್ಷಿಣ ಕನ್ನಡವೂ ಸೇರಿದ್ದ ಆಗಿನ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ 1863–64ರಲ್ಲಿ ಹೊರತಂದ ದಕ್ಷಿಣ ಭಾರತದ ಜರೀಗಿಡಗಳ ಪುಸ್ತಕವನ್ನು ಇಂದಿಗೂ ಸಸ್ಯವಿಜ್ಞಾನಿಗಳು ತೆರೆದು ನೋಡುವುದು ಅದರ ರೇಖಾಚಿತ್ರಗಳಿಗಾಗಿ. ಎಲೆಯದೊಂದು ಚಿತ್ರ, ಪಕ್ಕದಲ್ಲಿ ಬೆನ್ನಿನ ಒಂದು ತುಣುಕನ್ನು ಹಿಗ್ಗಿಸಿ ಬರೆದ ಇನ್ನೊಂದು. ಮಕ್ಕಳ ನೋಟ್‌ಬುಕ್ಕಿಗೂ ಇದೇ ಮಾದರಿ ಸಾಕು. ಹೆಸರಿನ ಜಾಗ ಖಾಲಿ ಬಿಡಲಿ; ಮೂರು ನಾಲ್ಕು ಗಿಡಗಳ ಚಿತ್ರ ಆದ ಮೇಲೆ ಯಾವುದು ಯಾವುದಕ್ಕೆ ನೆಂಟ ಎಂದು ತಾವೇ ಗುಂಪು ಮಾಡಲಿ, ಹೆಸರು ಆಮೇಲೆ ಹುಡುಕಲಿ.

ಅಕ್ಟೋಬರಿನಲ್ಲಿ ಬಿತ್ತಿದ ಡಬ್ಬಿಯಲ್ಲಿ ಮೊದಲ ಪುಟ್ಟ ಎಲೆಗಳು ಕಾಣುವ ಹೊತ್ತಿಗೆ ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂದಿರುತ್ತದೆ. ಎರಡು ತಿಂಗಳು ಬೀಗ ಹಾಕಿದ ಶಾಲೆಯಲ್ಲಿ ನೀರು ಹಾಕುವವರು ಯಾರು? ಉತ್ತರ 1829ರ ಲಂಡನ್ನಿನಲ್ಲಿದೆ. ನಥಾನಿಯಲ್ ವಾರ್ಡ್ ಎಂಬ ವೈದ್ಯ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಂದಿಗೆ ಮುಚ್ಚಳವಿದ್ದ ಗಾಜಿನ ಸೀಸೆಯಲ್ಲಿಟ್ಟಿದ್ದ. ಅವನು ಕಾಯುತ್ತಿದ್ದುದು ಪತಂಗಕ್ಕೆ. ಮಣ್ಣಿನಿಂದ ಎದ್ದು ಬಂದದ್ದು ಒಂದು ಜರಿ, ಒಂದು ಹುಲ್ಲು. ಲಂಡನ್ನಿನ ಕಲ್ಲಿದ್ದಲ ಹೊಗೆಗೆ ಅವನ ತೋಟದ ಜರಿಗಳೆಲ್ಲ ಸಾಯುತ್ತಿದ್ದಾಗ ಸೀಸೆಯೊಳಗಿನದು ನೀರೇ ಹಾಕದೆ ವರ್ಷಗಟ್ಟಲೆ ಬದುಕಿತು: ಎಲೆಯಿಂದ ಹೊರಟ ಆವಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಆ ಸೀಸೆಯೇ ಬೆಳೆದು ವಾರ್ಡ್ ಪೆಟ್ಟಿಗೆಯಾಯಿತು. ಚೀನಾದ ಚಹಾ ಸಸಿಗಳು ಹಡಗೇರಿ ಹಿಮಾಲಯದ ತಪ್ಪಲಿಗೆ ಜೀವಂತ ತಲುಪಿದ್ದು ಅಂಥ ಪೆಟ್ಟಿಗೆಗಳಲ್ಲಿ. ಶಾಲೆಗೆ ಉಪ್ಪಿನಕಾಯಿಯ ದೊಡ್ಡ ಗಾಜಿನ ಭರಣಿಯೊಂದು ಸಾಕು. ತಳಕ್ಕೆ ಎರಡು ಬೆರಳು ದಪ್ಪ ಜಲ್ಲಿ, ಮೇಲೆ ಸ್ವಲ್ಪ ಇದ್ದಿಲ ಚೂರು, ಅದರ ಮೇಲೆ ನಾರಿನ ಪುಡಿ ಬೆರೆಸಿದ ಮಣ್ಣು, ಇಟ್ಟಿಗೆಯಿಂದ ಚಿಮಟದ ತುದಿಯಲ್ಲಿ ಎತ್ತಿದ ಸಸಿಗಳು. ನೀರು ಚಿಮುಕಿಸಿ ಮುಚ್ಚಳ ಬಿಗಿಯಿರಿ. ಮಾರನೆಯ ದಿನ ಗಾಜು ಪೂರ್ತಿ ಮಂಜಾಗಿದ್ದರೆ ನೀರು ಹೆಚ್ಚಾಯಿತೆಂದು ಅರ್ಥ, ಒಂದು ಗಂಟೆ ತೆರೆದಿಡಿ. ಬೆಳಿಗ್ಗೆ ಮಾತ್ರ ಅರ್ಧ ಗಾಜು ಮಸುಕಾಗುವಂತಿದ್ದರೆ ಸರಿಯಾಗಿದೆ. ಉತ್ತರ ದಿಕ್ಕಿನ ಕಿಟಕಿಯ ಹತ್ತಿರ, ಬಿಸಿಲು ನೇರವಾಗಿ ಬೀಳದಲ್ಲಿ ಭರಣಿ ಇಟ್ಟು, ಮೇಲೊಂದು ಚೀಟಿಯಲ್ಲಿ ‘ಮುಚ್ಚಳ ತೆಗೆಯಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದು, ಶಾಲೆಯ ಬೀಗ ಹಾಕಿ.